ಮರೆಪ್ಪನ ಕರಿ ಕುರಿಗಳು

ಹತ್ತೊಂಬತ್ತು ವರ್ಷದ ಹಿಂದೆ, ಮುಂಬೈಯ ವಡಾಲದ ಇದೇ ತಬೇಲಾದಲ್ಲಿ, ದನ ಕುರಿ ಕಟ್ಟುವ ಈ ಕೊಟ್ಟಿಗೆಯಲ್ಲಿ, ಭಾಗವ್ವ ಅಂಗೈಯಲ್ಲಿ ಭಂಡಾರ, ದೇವರ ಅರಿಸಿನ, ಹಿಡಿದು ಮಾವ ಮರೆಪ್ಪನಿಗೆ ಮಾತು ಕೊಟ್ಟಿದ್ದಳು: ಕರಿ ಕುರಿಗೆ ಬೇರೆ ತಳಿಯ ಟಗರು ಹಾರಿ ಬೆರಕೆ ಮರಿ ಹುಟ್ಟಿದರೆ, ಮರಿಯ ಜೊತೆಗೆ ತಾಯಿಯನ್ನೂ ಹಿಂಡಿನಿಂದ ಹೊರಗೆ ಹಾಕುತ್ತೇನೆ. ಒಮ್ಮೆ ಬೇರೆ ಟಗರು ಮುಟ್ಟಿದ ಕುರಿಯ ಗರ್ಭವೇ ಕೆಡುತ್ತದೆ, ಆಮೇಲೆ ಅದು ಎಂದೂ ಅಪ್ಪಟ ಮರಿ ಹಾಕುವುದಿಲ್ಲ ಎಂದು ಮರೆಪ್ಪ ನಂಬಿದ್ದ. ಅವನ ಅಪ್ಪನೂ ನಂಬಿದ್ದ. ಊರಿನಲ್ಲಿ ಎಲ್ಲರೂ ತೂಕದ ಆಸೆಗೆ ದೊಡ್ಡ ಮೈಯ ಮಾಡಗ್ಯಾಳ ತಳಿಯ ಟಗರು ಹಾರಿಸಿ ಜವಾರಿ ಕರಿ ಕುರಿಯ ಹೆಸರಿಲ್ಲದಂತೆ ಮಾಡಿದ್ದರು. ಮರೆಪ್ಪ ಮುಂಬೈಗೆ ತಂದುಕೊಂಡ ಹಿಂಡು ಮಾತ್ರ ಉಳಿದಿತ್ತು.

ಈಗ ಅದರಲ್ಲಿ ಒಂಬತ್ತು ಕುರಿ, ಒಂದು ಕರಿ ಟಗರು. ಜೊತೆಗೆ ಕೃಷ್ಣಾ ತೀರದ ನಾಲ್ಕು ಬಿಳಿ ಆಕಳು. ಮರೆಪ್ಪನೂ ಗಂಡನೂ ತೀರಿಕೊಂಡ ಮೇಲೆ ತಬೇಲಾ ಭಾಗವ್ವನಿಗೂ ಮೈದುನ ಗುರುಪಾದನಿಗೂ ಅರ್ಧರ್ಧ. ಅರ್ಧರ್ಧ ಎಂದರೆ ಸೆಗಣಿ ಅವಳದು, ಸಲಹೆ ಅವನದು. ಮಾಟುಂಗಾದ ಹೋಟೆಲಿನಿಂದ ಬಟಾಣಿ ಸಿಪ್ಪೆ, ಬಾಳೆಲೆ ಹೊತ್ತು ತರುವವಳು ಅವಳು. ಎದುರಿನ ಹೊಸ ಟವರಿನಿಂದ ಯಾರೋ ವಾಸನೆ ವಾಸನೆ ಎಂದು ವಿಡಿಯೋ ತೆಗೆದಾಗ ಬೈಸಿಕೊಳ್ಳುವವಳೂ ಅವಳೇ.

ಗಣಪತಿ ಹಬ್ಬದ ಮುಂದೆ ಗುರುಪಾದ ಒಂದು ಮಾಡಗ್ಯಾಳ ಟಗರು ತಂದು ಕಟ್ಟಿದ. ಕೊಕ್ಕಿನಂಥ ಮೂಗು, ಬಿಳಿ ಮೈಮೇಲೆ ಕಂದು ಮಚ್ಚೆ, ಕರುವಿನಷ್ಟು ಎತ್ತರ.

"ಬಕ್ರೀದಿಗೆ ಮೇಯಿಸಾಕ ತಂದೀನಿ, ವೈನಿ. ನಿಮ್ಮ ಹುಡಿಗೇರ ತಂಟೆಗೆ ಬರೂದಿಲ್ಲ."

ಭಾಗವ್ವ ಕುರಿಗಾರರು ಮಾಡುವಂತೆ ಟಗರಿನ ಹೊಟ್ಟೆಯ ಕೆಳಗೆ ಗೋಣಿತಟ್ಟು ಅಡ್ಡ ಕಟ್ಟಿದಳು. ಅದಿದ್ದರೆ ಟಗರು ಹಾರಿದರೂ ಏನೂ ಆಗುವುದಿಲ್ಲ. ಎರಡು ಗಂಟು ಹಾಕಿ, ದಿನವೂ ಎಳೆದು ನೋಡಿದಳು. ಆ ನಡುವೆ ಮಗಳು ಶಿವಕುಮಾರಿಗೆ ಡೆಂಗ್ಯೂ ಬಂದು, ಭಾಗವ್ವ ನಾಲ್ಕು ದಿನ ಆಸ್ಪತ್ರೆಯಲ್ಲಿ ಅವಳ ಬಳಿ ಕೂತಳು. ಬಂದು ನೋಡಿದಾಗಲೂ ತಟ್ಟು ಇದ್ದಲ್ಲೇ ಇತ್ತು.

ಮಾಘದಲ್ಲಿ ಒಂದೇ ವಾರದೊಳಗೆ ಆರು ಕುರಿ ಈದವು. ಆರಕ್ಕೆ ಆರೂ ಬಿಳಿ ಮರಿ, ಕಂದು ಮಚ್ಚೆ, ಕೊಕ್ಕಿನ ಮೂಗು. ಭಾಗವ್ವ ಬೆರಳು ಮಡಚಿ ಐದು ತಿಂಗಳು ಹಿಂದಕ್ಕೆ ಎಣಿಸಿದಳು. ಆಸ್ಪತ್ರೆಯ ವಾರಕ್ಕೆ ಬಂದು ನಿಂತಿತು.

"ತಟ್ಟು ಯಾರ ಬಿಚ್ಚಿದ್ರು?"

"ಸಡ್ಲ ಆಗಿರಬೇಕು," ಎಂದ ಗುರುಪಾದ, ಹಲ್ಲುಜ್ಜುತ್ತಲೇ.

"ತಾನ ಸಡ್ಲ ಆಗಿ, ಐದನೇ ದಿನ ತಾನ ಕಟಗೊಂಡ್ತೇನು?"

"ಅದೆಲ್ಲಾ ಈಗ ಯಾಕ. ಅಪ್ಪಗ ಏನ ಮಾತ ಕೊಟ್ಟೀರಿ ನೆನಪದ ಇಲ್ಲೋ? ಮರಿ ಸಂಗಾಟ ತಾಯೀನೂ ಹೊರಗ. ನಾ ಹೇಳಿದ್ದಲ್ಲ, ನೀವ ಭಂಡಾರ ಹಿಡದು ಹೇಳಿದ್ದು. ರವಿವಾರ ಇವನ್ನ ಒಯ್ಯಾಕ ಟೆಂಪೋ ಬರತದ."

ಆಗ ಅವಳಿಗೆ ಎಲ್ಲ ತಿಳಿಯಿತು. ಅವನು ಮರಿಗಾಗಿ ತಟ್ಟು ಬಿಚ್ಚಿರಲಿಲ್ಲ, ಅವಳು ಕೊಟ್ಟ ಮಾತೇ ಹಿಂಡನ್ನು ಹೊರಗೆ ಹಾಕಲಿ ಎಂದು ಬಿಚ್ಚಿದ್ದ. ಆರು ಹೋದರೆ ಉಳಿಯುವುದು ಮೂರು, ಅವುಗಳಲ್ಲಿ ಎರಡಕ್ಕೆ ವಯಸ್ಸಾಗಿ ಹಲ್ಲು ಉದುರಿದ್ದವು. ಹಿಂಡು ಅಲ್ಲಿಗೆ ಮುಗಿದಂತೆ. ಆಮೇಲೆ ತಬೇಲಾ ತುಂಬ ಅವನ ಮಾಡಗ್ಯಾಳ.

"ನಿನ್ನ ಕೈಗೆ ಹುಳಾ ಬೀಳ್ಲಿ," ಎಂದಳು.

"ಬೀಳ್ಲಿ. ಟೆಂಪೋ ಅಂತೂ ಎಂಟಕ್ಕ ಬರತದ."

ಕಾಲೇಜಿಗೆ ಹೊರಟಿದ್ದ ಶಿವಕುಮಾರಿ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. "ಅವ್ವಾ, ತಾಯಿದು ಏನೂ ಖರಾಬ್ ಆಗಂಗಿಲ್ಲ. ಸೈನ್ಸ್‌ದಾಗ ಹಂಗ ಇಲ್ಲೇ ಇಲ್ಲ. ಮುಂದಿನ ಸಲ ನಮ್ಮ ಟಗರು ಬಿಟ್ಟರ, ಮರಿ ಪ್ಯೂರ್ ಬರತಾವ. ಅಜ್ಜಾ ಗಲತ್ ಥಾ, ತಪ್ಪ ತಿಳಕೊಂಡಿದ್ದ."

"ಅಜ್ಜನ ಬಗ್ಗೆ ಹಂಗ ಅನಬ್ಯಾಡ," ಎಂದು ಭಾಗವ್ವ ಗದರಿದಳು. ಮಗಳು ಮುಖ ಊದಿಸಿಕೊಂಡು ಲೋಕಲ್ ರೈಲು ಹಿಡಿಯಲು ಹೋದಳು.

ರವಿವಾರ ನಸುಕಿನಲ್ಲಿ ಭಾಗವ್ವ ಆಕಳು ತುಂಗಿಯ ಕೆಳಗೆ ಕೂತು ಹಾಲು ಹಿಂಡುತ್ತಿದ್ದಳು. ಈ ತುಂಗಿಗೆ ಆರು ವರ್ಷದ ಹಿಂದೆ ಟ್ರಕ್ ನಿಲ್ಲುವ ಕಡೆಯ ಬೀಡಾಡಿ ಗೂಳಿ ಹಾರಿ, ಕಪ್ಪು ಬಿಳುಪಿನ ಕರು ಹುಟ್ಟಿತ್ತು. ಕರುವನ್ನು ಯಾರಿಗೋ ಕೊಟ್ಟರು. ಮರೆಪ್ಪನ ನಿಯಮ ಕುರಿಗೆ, ಆಕಳಿನ ಮಾತು ಯಾರೂ ಎತ್ತಲಿಲ್ಲ. ಆಮೇಲೆ ದನದ ಡಾಕ್ಟರ ಕೈಲಿ ಕೃಷ್ಣಾ ತಳಿಯ ಹೋರಿಯ ವೀರ್ಯದ ಇಂಜೆಕ್ಷನ್ ಹಾಕಿಸಿದಾಗ ತುಂಗಿ ಎರಡು ಕರು ಹಾಕಿದ್ದಳು. ಅದರಲ್ಲೊಂದು ಪಕ್ಕದ ಗೂಟದಲ್ಲೇ ನಿಂತಿತ್ತು: ಹಾಲಿನಂಥ ಮೈ, ಉಬ್ಬಿದ ಹಣೆ, ಒಂದು ಕಪ್ಪು ಕೂದಲಿಲ್ಲ. ಭಾಗವ್ವನ ಕೈ ಕೆಚ್ಚಲ ಮೇಲೆ ನಿಂತೇಬಿಟ್ಟಿತು. ಇಷ್ಟು ದಿನ ಎರಡು ಹೊತ್ತೂ ಇದೇ ಕರುವಿನ ಮೈ ತಿಕ್ಕಿದ್ದಳು, ಬೇರೆ ಗೂಳಿ ಮುಟ್ಟಿದ ತುಂಗಿಯೇ ಈ ಅಪ್ಪಟ ಕರು ಹಾಕಿದ್ದು ಎಂದು ಒಮ್ಮೆಯೂ ಯೋಚಿಸಿರಲಿಲ್ಲ.

ಎಂಟಕ್ಕೆ ಟೆಂಪೋ ಬಂತು. ಗುರುಪಾದ ಮೊದಲ ಕುರಿಯ ಕಿವಿ ಹಿಡಿದ. ಭಾಗವ್ವ ಅವನ ಕೈ ಕಿತ್ತು ಹಾಕಿದಳು. ನೇರ ಹೋಗಿ ಮಾಡಗ್ಯಾಳ ಟಗರಿನ ಹಗ್ಗ ಬಿಚ್ಚಿ, ಎಳೆದು ತಂದು, ಹಿಂದಿನಿಂದ ಮೊಣಕಾಲು ಕೊಟ್ಟು ಟೆಂಪೋದೊಳಗೆ ನೂಕಿದಳು.

"ಗಾಡಿ ಬಂದದ, ಖಾಲಿ ಯಾಕ ಹೋಗಬೇಕು. ಮರಿ ಹಾಲ ಬಿಟ್ಟ ಮ್ಯಾಲೆ ಅವೂ ಹೋಗತಾವ. ತಾಯಿ ಒಂದೂ ಹೋಗೂದಿಲ್ಲ."

"ಅದು ನನ್ನ ಟಗರು," ಎಂದ ಗುರುಪಾದ.

"ಹೌದು, ನಿಂದ. ನೀನೂ ಅದರ ಸಂಗಾಟ ಹತ್ತು."

ಟೆಂಪೋದವನು ನಕ್ಕ. ಗುರುಪಾದನ ಮುಖ ಕೆಂಪಾಯಿತು. "ಭಂಡಾರ ಹಿಡದ ಕೈ ಅದು, ವೈನಿ. ಆಣಿ ಮುರದ್ರ ಮಗಳ ಮ್ಯಾಲೆ ಬರತದ. ಹೋದ ಸಲ ಜ್ವರ ಬಂದಾಗ ಹೆಂಗೋ ಉಳದಾಳ."

ಆಣೆಗೆ ಭಾಗವ್ವ ಹೆದರುತ್ತಿರಲಿಲ್ಲ ಎಂದೇನಲ್ಲ. ಕೈಯನ್ನು ಸೆರಗಿಗೆ ಒರೆಸಿಕೊಂಡಳು.

"ಮಗಳ ಹೆಸರ ಇನ್ನೊಮ್ಮೆ ತಗದಿ ಅಂದ್ರ, ಮುಂದಿನ ಟೆಂಪೋ ನಿನಗ ತರಸ್ತೀನಿ," ಎಂದು ಆರು ಕುರಿಗಳನ್ನೂ ಒಳಗೆ ಹೊಡೆದು ಅಗಳಿ ಹಾಕಿದಳು.

ಮುಂದೆ ಬೆದೆಗೆ ಬಂದಾಗ ಅವಕ್ಕೆ ಕರಿ ಟಗರನ್ನೇ ಬಿಟ್ಟಳು. ಮಾವನ ಕರಿ ಕುರಿ ಉಳಿಯಲೆಂದೇ, ಮಾವನಿಗೆ ಕೊಟ್ಟ ಮಾತನ್ನು ಭಾಗವ್ವ ಮುರಿದಳು.