ಅಮ್ಮನ ಪಕ್ಕದ ಗುಂಡಿ

"ಎತ್ತಬೇಡ್ರೋ, ಇಳಿಸಿ!" ಎಂದು ಮಾಯಣ್ಣ ಚಟ್ಟದ ಬಿದಿರಿಗೇ ಕೈ ಹಾಕಿದ. ಹೆಗಲು ಕೊಟ್ಟಿದ್ದವರು ಅವನ ತಮ್ಮ ಧರ್ಮರಾಜುವಿನ ಹೆಣವನ್ನು ಮಾವಳ್ಳಿಯ ಆ ಇಕ್ಕಟ್ಟು ಓಣಿಯಲ್ಲೇ ಇಳಿಸಿದರು.

"ಭಾವ, ಅಮ್ಮನ ಪಕ್ಕಾನೇ ಮಲಗಿಸು ಅಂತ ಇವರು ಕೇಳ್ಕೊಂಡಿದ್ರು," ಎಂದಳು ಧರ್ಮರಾಜುವಿನ ಹೆಂಡತಿ ಕುಸುಮಾ. "ಗುಂಡೀನೂ ತೆಗ್ದಾಗಿದೆ."

"ಮುಚ್ಚಿಸು. ಎಲೆಕ್ಟ್ರಿಕ್ ಚಿತಾಗಾರದಲ್ಲಿ ಸುಡೋಣ. ಅಣು ಸ್ಥಾವರದ ಕಸ ಹೂತಿರೋ ಜಾಗದಲ್ಲಿ ವರ್ಷಗಟ್ಟಲೆ ತಿರುಗಿದೋನು ಕಣಮ್ಮ ಇವನು. ಅವನ ಮೈಯಲ್ಲಿ ಏನಿದ್ಯೋ! ಮಸಣದ ಕಾಂಪೌಂಡ್ ಆಚೆಗೇ ನನ್ನ ಮಗಳ ಮನೆ ಬೋರ್‌ವೆಲ್ ಇದೆ."

ಧರ್ಮರಾಜುವಿನ ಕಚೇರಿಯಿಂದ ಹಾರ ತಂದಿದ್ದ ಬದರೀನಾರಾಯಣ ಮುಂದೆ ಬಂದರು. "ಅವರು ಕಸ ಮುಟ್ಟಿದೋರೇ ಅಲ್ಲ ಸಾರ್. ಅಲ್ಲಿ ನೆಲದೊಳಗೆ ನೀರು ಯಾವ ಕಡೆ ಹೋಗುತ್ತೆ, ಮುಂದಕ್ಕೆ ಜನಕ್ಕೆ ಅಪಾಯ ಇದ್ಯಾ ಅಂತ ಲೆಕ್ಕ ಹಾಕ್ತಿದ್ರು ಅಷ್ಟೆ. ಹೋಗಿದ್ದು ಹಾರ್ಟ್ ಅಟ್ಯಾಕಲ್ಲಿ."

"ನೀವು ಹಾಗೇ ಹೇಳ್ತೀರಿ. ಇವನು ಅಲ್ಲಿ ಬಾವಿ ನೀರು ಕುಡಿದಿದ್ದು ಸುಳ್ಳಾ? ಟೀವೀಲಿ ನಾನೇ ನೋಡಿದೀನಿ."

ಬದರೀನಾರಾಯಣರು ತಮ್ಮ ಕಾರಿನ ಕಡೆ ನಡೆದರು.

*

ಹಿಂದೊಮ್ಮೆ, ಕಸ ಹೂತಿದ್ದ ಆ ಊರಿನ ಸಭೆಯಲ್ಲಿ ಸುಬ್ಬಮ್ಮ ಎಂಬ ಮುದುಕಿ ಬಾವಿ ನೀರಿನ ಚೊಂಬು ಚಾಚಿದ್ದಳು. "ನೀನ್ ಕುಡಿಯಪ್ಪ ಮೊದ್ಲು. ಆಮೇಲ್ ನಂಬ್ತೀವಿ."

ಧರ್ಮರಾಜು ಒಂದೇ ಉಸಿರಿಗೆ ಕುಡಿದ. ಜನ ಚಪ್ಪಾಳೆ ತಟ್ಟಿದರು.

ಮನೆಯಲ್ಲಿ ಕುಸುಮಾ ರೇಗಿದಳು. "ಇವತ್ತಿನ ನೀರು ಕುಡಿದು ತೋರಿಸಿದ್ರೆ ಆಗೋಯ್ತಾ? ಹೂತಿರೋ ಕಸದ ಡ್ರಮ್ಮು ತುಕ್ಕು ಹಿಡಿದು ಸೋರೋ ಕಾಲಕ್ಕೆ ನೀವಿರ್ತೀರಾ?"

"ಮುನ್ನೂರು ವರ್ಷ ಆದ್ಮೇಲಿನ ಮಾತು ಅವರು ಕೇಳ್ಲಿಲ್ಲ ಕಣೇ."

"ಕೇಳಿದ್ರೆ?"

ಅವನು ಅನ್ನದ ತಟ್ಟೆ ಸರಿಸಿ ಎದ್ದುಹೋದ.

*

ಬದರೀನಾರಾಯಣರು ಕಾರಿನಿಂದ ವಿಕಿರಣ ಅಳೆಯುವ ಮೀಟರ್ ತಂದರು. ಹೆಣದ ಕಾಲಿನಿಂದ ತಲೆಯವರೆಗೆ ಹಿಡಿದರು. ಆಮೇಲೆ ಮಾಯಣ್ಣನ ಎದೆಗೆ ಹಿಡಿದರು. ಎರಡೂ ಕಡೆ ಅಂಕಿ ಒಂದೇ.

"ಮೀಟರ್ ಯಾರದು?" ಎಂದ ಮಾಯಣ್ಣ.

"ನಮ್ಮ ಆಫೀಸಿಂದು."

"ಮತ್ತೆ! ಕಳ್ಳನ ಕೈಲೇ ತಕ್ಕಡಿ."

ಗುಂಪಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಕುಸುಮಾ ಸೆರಗು ಸಿಕ್ಕಿಸಿ ಬಿದಿರಿಗೆ ಹೆಗಲು ಕೊಟ್ಟಳು. "ಬರೋರು ಬನ್ನಿ. ಇಲ್ದಿದ್ರೆ ಎಳ್ಕೊಂಡಾದ್ರೂ ಹೋಗ್ತೀನಿ."

ನಾಚಿಕೆಗೋ ಏನೋ, ಮೂವರು ಬಂದರು. ಮಾಯಣ್ಣ ಬೈಯುತ್ತಲೇ ಹಿಂದೆ ನಡೆದ.

ಮಸಣದಲ್ಲಿ ಹೆಣವನ್ನು ಗುಂಡಿಗೆ ಇಳಿಸಿದರು. ಮಕ್ಕಳಿಲ್ಲದ ಧರ್ಮರಾಜುವಿಗೆ ಮೊದಲ ಹಿಡಿ ಮಣ್ಣು ಅಣ್ಣನೇ ಹಾಕಬೇಕಿತ್ತು. ಮಾಯಣ್ಣ ಟವೆಲಿನಿಂದ ಮೂಗು ಮುಚ್ಚಿಕೊಂಡು, ಗುಂಡಿಯಿಂದ ಅಷ್ಟು ದೂರದಲ್ಲೇ ನಿಂತು, ಮಣ್ಣು ಎಸೆದ. ಅದು ಗುಂಡಿ ಮುಟ್ಟಲಿಲ್ಲ. ಅಂಚಿನಲ್ಲಿ ನಿಂತಿದ್ದ ಕುಸುಮಾಳ ಬರಿಗಾಲಿನ ಮೇಲೆ ಬಿತ್ತು.