ಅತ್ತೆ ತಲೆಯೆತ್ತಿದ್ದು

ಬೂಟುಗಳು, ಚಪ್ಪಲಿಗಳು, ಅಷ್ಟೂ ಒಟ್ಟಿಗೆ ನಿಂತುಬಿಟ್ಟಿವೆ, ಎಲ್ಲರ ಕಣ್ಣು ಛಾವಣಿಯಲ್ಲಿ ನೆಟ್ಟಿರಬೇಕು, ನನ್ನ ಅತ್ತೆ ಕಸಿಲ್ದಾಳ ತೋಳು ಹಿಡಿದು ನಡೆದರೆ ನಾನೂ ನೆಲವನ್ನೇ ನೋಡುವ ಹಾಗಾಗುತ್ತದೆ — ಅವಳ ಬೆನ್ನು ಬಗ್ಗಿದ್ದು ನಾನು ಸೊಸೆಯಾಗಿ ಬರುವುದಕ್ಕೂ ಮೊದಲು, ನಮ್ಮೂರು ಹಾಯೆನ್‌ನ ಆಲಿವ್ ತೋಪುಗಳಲ್ಲಿ ಗಂಡಸರು ಕೋಲಿನಿಂದ ಕೊಂಬೆ ಬಡಿದರೆ ಹೆಂಗಸರು ನೆಲದಿಂದ ಆಯುತ್ತಿದ್ದರು, ಆಯ್ದು ಆಯ್ದು ಇವಳು ಹಾಗೆಯೇ ಉಳಿದುಬಿಟ್ಟಳು, ಇನ್ನು ಮುಂದೆ ಕಡಲ ತೀರದ ಮೊತ್ರಿಲ್‌ನಲ್ಲಿ ಮಗಳ ಜೊತೆಗೇ ಇರುತ್ತಾಳೆ, ಹೊರಡಲು ಅವಳದು ಒಂದೇ ಷರತ್ತು, ದಾರೀಲಿ ಗ್ರನಾದಾ ಬರತ್ತಲ್ಲ, ಆ ಹಳೇ ಕಾಲದ ಮುಸಲ್ಮಾನ ರಾಜರ ಅರಮನೆ ನೋಡ್ಕೊಂಡೇ ಹೋಗೋದು, ಕಾರು ಓಡಿಸುತ್ತಿದ್ದ ನನ್ನ ಗಂಡ ಬಾಲ್ದೊಮೆರೊ ನಕ್ಕ, ಅಲ್ಲಿ ನೀನೇನು ನೋಡ್ತೀಯಮ್ಮ, ನೆಲಾನಾ, ಅವಳು ಕಿಟಕಿಯ ಕಡೆ ತಿರುಗಿಕೊಂಡಳು, ಅರಮನೆಯ ಬೆಟ್ಟದ ಬುಡ ಬರುವವರೆಗೂ ಹಾಗೇ ಕೂತಳು — ಈಗ ಅವನು ಹೊರಗೆ ನೆರಳಲ್ಲಿ ಕೂತಿದ್ದಾನೆ, ನಾವಿಬ್ಬರು ಈ ಹಜಾರದ ಜನರ ನಡುವೆ, ಅಮೃತಶಿಲೆಯ ತಂಪು ಕಾಲಿಗೆ ಏರುತ್ತಿದೆ, ನೆಲ ಚೆನ್ನಾಗಿ ಒರೆಸಿದಾರೆ ಕಣೇ, ನಿನ್ನ ಹಾಗಲ್ಲ, ಎನ್ನುತ್ತಾಳೆ ಅತ್ತೆ, ನಾನು ಉತ್ತರ ಕೊಡಲು ತಲೆಯೆತ್ತಿದೆ, ಮೇಲೆ ಸಾವಿರ ಸಾವಿರ ಗೂಡು, ಜೇನುಹಟ್ಟಿಯನ್ನು ಒಡೆದು ಆಕಾಶಕ್ಕೆ ಅಂಟಿಸಿದಂತೆ, ಬರೀ ಗಾರೆ ಎಂದು ಗೊತ್ತಿದ್ದೂ ತೊಟ್ಟಿಕ್ಕೀತೆಂದು ಕೈಯೊಡ್ಡುವ ಹಾಗಾಯಿತು, ಬೆಳಕು ಗೂಡಿನಿಂದ ಗೂಡಿಗೆ ಜಾರುತ್ತ ಜಾರುತ್ತ — ಏನೈತೆ ಮೇಲೆ, ಹೇಳೇ, ಹೇಗೆ ಹೇಳಲಿ, ಹೇಳಲು ಬರುವುದಿಲ್ಲ ಅತ್ತೆ ಅಂದೆ, ಹಂಗಾದ್ರೆ ಮಲಗಿಸು ನನ್ನ ಎಂದಳು, ನಾನು ಅಲ್ಲೇ ಕುಳಿತೆ, ಅವಳು ಮಗ್ಗುಲಾಗಿ ಒರಗಿ ನಿಧಾನವಾಗಿ ಹೊರಳಿದಳು, ಎಂದೂ ಮುಟ್ಟಿರದ ಆ ನರೆತ ತಲೆ ನನ್ನ ತೊಡೆಯ ಮೇಲೆ, ಇಷ್ಟೇ ಇಷ್ಟು ಹಗುರ, ಕಾವಲಿನವನು ಓಡಿಬಂದ, ಇಲ್ಲಿ ಮಲಗೋ ಹಾಗಿಲ್ಲಮ್ಮ, ತಡಿಯಪ್ಪ, ಬಗ್ಗಿದೋಳು ನಾನು, ಮಲಗದೆ ಹೆಂಗೆ ನೋಡ್ಲಿ, ಅವನು ಒಂದು ಕ್ಷಣ ನಿಂತ, ಆಮೇಲೆ ನಮಗೆ ಬೆನ್ನು ತಿರುಗಿಸಿ ಎರಡೂ ತೋಳು ಚಾಚಿದ, ಜನ ಸುತ್ತಿಬಳಸಿ ಹೋಗತೊಡಗಿದರು, ನದಿ ಬಂಡೆಯನ್ನು ಬಳಸುವ ಹಾಗೆ, ಅತ್ತೆಯ ಉಸಿರು ಕೂಡ ಕೇಳಿಸದು, ಗಾಬರಿಯಾಗಿ ಬಗ್ಗಿ ನೋಡಿದೆ, ಕಣ್ಣುಗಳು ಅಗಲವಾಗಿ ತೆರೆದಿವೆ, ನೀರು ತುಂಬಿದೆ, ರೆಪ್ಪೆ ಬಡಿಯದೆ ಗೂಡಿನಿಂದ ಗೂಡಿಗೆ ಸರಿಯುತ್ತಿವೆ, ಈ ಕಣ್ಣುಗಳನ್ನು ನಾನು ನೋಡಿಯೇ ಇರಲಿಲ್ಲ, ಒಂದೇ ಮನೆ, ಒಂದೇ ಒಲೆ, ಇಷ್ಟು ವರ್ಷ, ಕಪ್ಪಿರಬೇಕು ಎಂದುಕೊಂಡಿದ್ದೆ, ಕಪ್ಪಲ್ಲ, ಹಸಿರು — ಅತ್ತೆಯ ಕಣ್ಣು ಹಸಿರು — ಹಸಿರು