ಗುಲಾಬಿ ಎತ್ತಿದ ಕೈ

ಮಂತ್ರಿಗಳು ರಿಬ್ಬನ್ ಕತ್ತರಿಸಿದ ಮೇಲೆ ಎಲ್ಲರ ಕಣ್ಣೂ ದಾನಪ್ಪನ ಬಲಗೈಯ ಮೇಲೆ ನಿಂತವು. ಅಲ್ಯೂಮಿನಿಯಂ ಬೆರಳುಗಳು, ಒಳಗೊಂದು ಸಣ್ಣ ಮೋಟರು, ಸೊಂಟಕ್ಕೆ ಬ್ಯಾಟರಿಯ ಪೆಟ್ಟಿಗೆ. ಮೊಂಡುಗೈಯ ಸ್ನಾಯು ಬಿಗಿದರೆ ಅಲ್ಲಿ ಹುಟ್ಟುವ ಒಂದಿಷ್ಟು ಕರೆಂಟನ್ನು ಹಿಡಿದು ಬೆರಳು ಮುಚ್ಚುತ್ತಿದ್ದವು, ಸಡಿಲ ಬಿಟ್ಟರೆ ತೆರೆಯುತ್ತಿದ್ದವು. ದಾನಪ್ಪ ಉಸಿರು ಬಿಗಿಹಿಡಿದು ಮೇಜಿನ ಮೇಲಿದ್ದ ಗುಲಾಬಿಯನ್ನು ಎತ್ತಿ ಮಂತ್ರಿಗಳಿಗೆ ಕೊಟ್ಟ. ಚಪ್ಪಾಳೆ ಬಿತ್ತು. ಮನುಷ್ಯನ ನರಕ್ಕೂ ಯಂತ್ರಕ್ಕೂ ನಂಟು ಬೆಸೆಯುವ ಇಂಥ ಪ್ರಯೋಗಶಾಲೆ ವಿಶ್ವವಿದ್ಯಾಲಯದಲ್ಲಿ ಇದೇ ಮೊದಲೆಂದು ಯಾರೋ ಭಾಷಣ ಮಾಡಿದರು.

ದಾನಪ್ಪನ ಕಿವಿ ಅತ್ತ ಇರಲಿಲ್ಲ. ಕುರ್ಲಾದ ವರ್ಕ್‌ಶಾಪಿನಲ್ಲಿ ಡಬ್ಬಿಯ ಮುಚ್ಚಳ ಹೊಡೆಯುವ ಪ್ರೆಸ್ಸು ಅವನ ಕೈ ತಿಂದಾಗಿನಿಂದ ಹೆಂಡತಿ ಸುಂದ್ರವ್ವ ಮಂದಿಯ ಮನೆ ಪಾತ್ರೆ ತಿಕ್ಕಿ ಸಂಸಾರ ಎಳೆಯುತ್ತಿದ್ದಳು. ಅವನ ಲಾಡಿಯನ್ನೂ ಅವಳೇ ಕಟ್ಟಬೇಕಿತ್ತು. ಆಸ್ಪತ್ರೆಯಲ್ಲಿ ಅವನನ್ನು ಕಂಡು ಇಲ್ಲಿಗೆ ಕರೆತಂದವಳು ಪ್ರಯೋಗಶಾಲೆಯ ಇಂಜಿನಿಯರು, ಉಡುಪಿ ಕಡೆಯ ವಿನೋದಿನಿ. ದಾನಪ್ಪ ತಿಂಗಳುಗಟ್ಟಲೆ ಕೂತು ಯಂತ್ರದ ಕೈ ಆಡಿಸಲು ಕಲಿತ. ಉದ್ಘಾಟನೆ ಮುಗಿದರೆ ಕೈ ತನ್ನದು, ತಾನು ಮತ್ತೆ ಪ್ರೆಸ್ಸಿನ ಮುಂದೆ ಎಂದು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡಿದ್ದ. ಹಾಗೆಂದು ಯಾರೂ ಹೇಳಿರಲಿಲ್ಲ, ಹಾಗಲ್ಲವೆಂದೂ ಹೇಳಿರಲಿಲ್ಲ.

ಅತಿಥಿಗಳು ಚಹಾಕ್ಕೆ ಎದ್ದಾಗ ವಿನೋದಿನಿ ಹತ್ತಿರ ಬಂದಳು. "ದಾನಪ್ಪ, ಇನ್ನು ಕೈ ಬಿಚ್ಚುವ."

"ಯಾಕ್ರಿ ಬಾಯಾರ? ಹಾಕ್ಕೊಂಡ ಮನಿಗೆ ಹೋಗತೀನ್ರಿ."

"ಇರುವುದು ಇದೊಂದೇ ಅಲ್ವಾ? ಲ್ಯಾಬಿನದ್ದು. ಹೊರಗೆ ಕೊಡ್ಲಿಕ್ಕೆ ಆಗುದಿಲ್ಲ."

"ಮತ್ತ ನನಗ ಯಾವಾಗ್ರಿ?"

ಅಷ್ಟರಲ್ಲಿ ಯಾರೋ ಅವಳನ್ನು ಫೋಟೋಕ್ಕೆ ಕರೆದರು. ದಾನಪ್ಪ ಕೈ ಮೇಲೆ ಟವೆಲ್ಲು ಹೊದಿಸಿ, ಹಿಂದೆ ತಿರುಗಿ ನೋಡದೆ ಹೊರಬಿದ್ದು, ಸಾಂತಾಕ್ರೂಜಿನಿಂದ ಕುರ್ಲಾದ ಬಸ್ಸು ಹತ್ತಿದ.

ವರ್ಕ್‌ಶಾಪಿನಲ್ಲಿ ಊಟದ ಹೊತ್ತು, ಮಿಷನ್ನುಗಳೆಲ್ಲ ನಿಂತಿದ್ದವು. ಫೋರ್‌ಮನ್ ದೂಜ ಬಾಯಿಗಿಟ್ಟ ತುತ್ತು ಮರೆತು ನೋಡಿದ. "ಇದೆಂತ ಮಾರಾಯ!"

ದಾನಪ್ಪ ತಗಡಿನ ಹಾಳೆ ಎತ್ತಿದ, ಇಳಿಸಿದ, ಮತ್ತೆ ಎತ್ತಿದ. "ನೋಡ್ರಿ, ಹೆಂಗ ಹಿಡೀತೈತಿ. ನನ್ನ ಪ್ರೆಸ್ ನನಗ ಕೊಡ್ರಿ."

"ಬೇಡ ದಾನಪ್ಪ. ಸೇಠ್ ನೋಡಿದ್ರೆ ನನ್ನನ್ನು ಬಿಡುದಿಲ್ಲ."

"ಒಂದ ಸಲ ನೋಡ್ರಿ ಸಾಕು. ನಿಮ್ಮ ಕಾಲಿಗೆ ಬೀಳತೀನಿ." ಅಂದವನು ಬಿದ್ದೇಬಿಟ್ಟ. ದೂಜನಿಗೆ ಇಲ್ಲವೆನ್ನಲು ಆಗಲಿಲ್ಲ.

ಊಟ ಮುಗಿದು ಮೋಟರುಗಳೆಲ್ಲ ಒಟ್ಟಿಗೆ ಗುಂಯ್‌ಗುಟ್ಟತೊಡಗಿದವು. ದಾನಪ್ಪ ಹಾಳೆ ಇಟ್ಟು ಪೆಡಲ್ ಒತ್ತಿದ, ತೋಳು ಸಡಿಲ ಬಿಟ್ಟ. ಬೆರಳು ತೆರೆಯಲಿಲ್ಲ, ಹಾಳೆಯನ್ನು ಇನ್ನೂ ಬಿಗಿಯಾಗಿ ಹಿಡಿದವು. ಬಿಡು, ಬಿಡು ಎಂದು ಅವನು ಒಳಗೊಳಗೇ ಕಿರುಚಿದ. ದೂಜ ಓಡಿಬಂದು ಅವನ ಅಂಗಿಯ ಕಾಲರು ಹಿಡಿದು ಜಗ್ಗಿದ. ಪ್ರೆಸ್ಸಿನ ಅಚ್ಚು ದಡಕ್ಕನೆ ಕೆಳಗಿಳಿಯಿತು. ಎರಡು ಅಲ್ಯೂಮಿನಿಯಂ ಬೆರಳು ಅಪ್ಪಚ್ಚಿಯಾದವು. ನೋವು ಇರಲಿಲ್ಲ. ಆದರೂ ದಾನಪ್ಪ ನೆಲಕ್ಕೆ ಕುಸಿದು, ಹಿಂದೆ ನಿಜವಾದ ಕೈ ಹೋದಾಗ ಕೂಗಿದ್ದಕ್ಕಿಂತ ಜೋರಾಗಿ ಕೂಗಿದ.

ಸುದ್ದಿ ಮನೆ ಇದ್ದ ವಠಾರಕ್ಕೆ ಮುಟ್ಟಿ ಸುಂದ್ರವ್ವ ಬಂದಳು. ಹಿಂದೆಯೇ ಟ್ಯಾಕ್ಸಿಯಲ್ಲಿ ವಿನೋದಿನಿ. ಅವನು ದಿನವೂ ಈ ವರ್ಕ್‌ಶಾಪಿನ ಮಾತಾಡುತ್ತಿದ್ದದ್ದರಿಂದ ಬೇರೆಲ್ಲೂ ಹುಡುಕದೆ ನೇರ ಬಂದಿದ್ದಳು. ಬೈಯಲೆಂದು ಬಾಯಿ ತೆರೆದವಳು, ಉಳಿದ ಬೆರಳುಗಳು ತಾವಾಗಿಯೇ ಅದುರುವುದನ್ನು ಕಂಡು ಬಗ್ಗಿ ನೋಡಿದಳು. ವರ್ಕ್‌ಶಾಪಿನ ಮೋಟರು ನಿಲ್ಲಿಸಲು ಹೇಳಿದಳು, ಬೆರಳು ಅಲುಗದೆ ನಿಂತವು. ಮತ್ತೆ ಹಾಕಿಸಿದಳು, ಅದುರಿದವು. ದಾನಪ್ಪನ ಕಡೆ ತಿರುಗಿದಳು.

"ಈ ಮೋಟರುಗಳ ಕರೆಂಟನ್ನೂ ಕೈ ನಿಮ್ಮ ಸ್ನಾಯುವಿನದ್ದೇ ಅಂತ ತಿಳ್ಕೊಳ್ತಾ ಉಂಟು. ನಮ್ಮ ಲ್ಯಾಬಿನಲ್ಲಿ ಇಷ್ಟು ದೊಡ್ಡ ಮಿಷನ್ ಒಂದೂ ಇಲ್ಲ. ನಾವು ಇದನ್ನು ಯೋಚನೆಯೇ ಮಾಡ್ಲಿಲ್ಲ."

"ರಿಪೇರಿ ಮಾಡ್ರಿ ಬಾಯಾರ."

"ಮಾಡ್ತೇವೆ. ಎಷ್ಟು ವರ್ಷ ಬೇಕೋ ಗೊತ್ತಿಲ್ಲ. ಪ್ರೆಸ್ಸಿನ ಕೆಲಸಕ್ಕೆ ಆಗುವ ಕೈ ಆದೀತೋ ಇಲ್ಲವೋ, ಅದೂ ಗೊತ್ತಿಲ್ಲ. ಸುಳ್ಳು ಹೇಳುದಿಲ್ಲ."

ಸುಂದ್ರವ್ವ ಗಂಡನ ತೋಳಿಗೆ ಆ ಕೈ ಬಿಗಿದಿದ್ದ ಪಟ್ಟಿ ಬಿಚ್ಚುತ್ತ ಕೇಳಿದಳು, "ಹಂಗಾದ್ರ ಹೂವ ಎತ್ತಾಕಷ್ಟ ಇವ್ರನ್ನ ಕರಕೊಂಡ ಹೋಗಿದ್ರೇನ್ರಿ?"

ವಿನೋದಿನಿ ಮುರಿದ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಎದ್ದಳು. "ಮೇಲಿನವರಿಗೆ ನಾನು ಹೇಳಿಕೊಳ್ತೇನೆ. ಸೋಮವಾರ ಬನ್ನಿ ದಾನಪ್ಪ, ಮನಸ್ಸಿದ್ದರೆ."

ದೂಜ ಅವನನ್ನು ಬಾಗಿಲ ತನಕ ಕಳಿಸಿ, ಇನ್ನು ಈ ಕಡೆ ಬರಬೇಡವೆಂದು ಮೆಲ್ಲಗೆ ಹೇಳಿದ.

ಸೋಮವಾರ ಬೆಳಿಗ್ಗೆ ದಾನಪ್ಪ ತೊಳೆದ ಅಂಗಿ ಕೇಳಿದ. ಗುಂಡಿ ಹಾಕುತ್ತಿದ್ದ ಸುಂದ್ರವ್ವನ ಕೈ ನಿಂತಿತು.

"ಮತ್ತ ಅಲ್ಲಿಗೇ? ಏನೈತಿ ಅಲ್ಲಿ?"

ದಾನಪ್ಪನ ಕಣ್ಣಲ್ಲಿ ನೀರು ತುಂಬಿಕೊಂಡಿತು.

"ಅಲ್ಲಿಯಾದ್ರ ಆ ಕೈ ನನ್ನ ಮಾತು ಕೇಳತಿತ್ತ," ಅಂದ.